ಸೈಕಲ್ ಈಗ ಬಂದದ್ದಲ್ಲ

ಗಂಗಾವತಿಯಲ್ಲಿ ಈಗೀಗ ಸೈಕಲ್ ಸಂಸ್ಕೃತಿ ಬೆಳೆಯುತ್ತಿದೆಯಂತೆ. ಈ ಮಾತನ್ನು ಸಭೆಗಳಲ್ಲಿ ಕೇಳಿದ್ದೇನೆ, ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ, ಶಾಲೆಯ ಸ್ಟಾಫ್ ರೂಮಿನಲ್ಲಂತೂ ಮೇಲಿಂದ ಮೇಲೆ ಕೇಳಿದ್ದೇನೆ. ರವಿವಾರ ಬೆಳಗ್ಗೆ ಆನೆಗೊಂದಿ ರಸ್ತೆಗೆ ಹೋದರೆ ಈ ಬೆಳವಣಿಗೆಯನ್ನು ಕಣ್ಣಾರೆ ಕಾಣಬಹುದು. ದಪ್ಪ ಟಯರು, ಸ್ಪ್ರಿಂಗ್ ಕೂಡಿಸಿದ ಮುಂಗಾಲು, ಇಪ್ಪತ್ತೊಂದೋ ಇಪ್ಪತ್ನಾಲ್ಕೋ ಗೇರುಗಳಿರುವ ಮೌಂಟೇನ್ ಬೈಕುಗಳು. ಸವಾರರ ತಲೆಗೆ ಹೆಲ್ಮೆಟ್ಟು, ಕೈಗೆ ಗವಸು. ಕೆಲವರು ನಮ್ಮೂರಿನ ಹುಡುಗರು, ಕೆಲವರು ಬೆಂಗಳೂರು, ಹೈದರಾಬಾದುಗಳಿಂದ ಬಂದವರು. ಸಾಣಾಪುರದ ಕೆರೆ, ಪಂಪಾ ಸರೋವರ, ಅಂಜನಾದ್ರಿಯ ಬುಡ, ಬಂಡೆಗಳ ನಡುವಿನ ಮಣ್ಣಿನ ಜಾಡು, ಎಲ್ಲೆಲ್ಲಿಯೂ ಗಾಲಿಯ ಗುರುತು ಬಿಟ್ಟು ಹೋಗುತ್ತಾರೆ. ನೋಡಲು ಚೆಂದವಾಗಿಯೇ ಇರುತ್ತದೆ. ಮೊಬೈಲಿನಲ್ಲಿ ತಲೆ ತುರುಕಿ ಕೂಡುವ ಹುಡುಗರಿಗಿಂತ ಈ ಹುಡುಗರು ನೂರು ಪಾಲು ಮೇಲು. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ನನ್ನ ತಕರಾರು ಆ ಮಾತಿನ ಮೇಲೆ. 'ಈಗ ಬೆಳೆಯುತ್ತಿದೆ' ಎಂದರೆ ಮೊದಲು ಇರಲಿಲ್ಲ ಎಂದಾಯಿತಲ್ಲ? ಹಾಗಾದರೆ ಕ್ಯಾರಿಯರಿಗೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಕ್ಯಾಂಪುಗಳಿಂದ ಪೇಟೆಗೆ ಬರುತ್ತಿದ್ದವರು ಏನು ತುಳಿಯುತ್ತಿದ್ದರು? ಅಕ್ಕಿ ಗಿರಣಿಯ ಪಾಳಿ ಮುಗಿಸಿ ನಡುರಾತ್ರಿ ಮನೆಗೆ ಹೋಗುತ್ತಿದ್ದ ಹಮಾಲರು ಏನು ತುಳಿಯುತ್ತಿದ್ದರು? ಒಂದೇ ಸೈಕಲ್ಲಿನ ಮೇಲೆ ಮೂವರು ಕೂತು, ಸರದಿಯಂತೆ ತುಳಿಯುತ್ತ ಹೈಸ್ಕೂಲಿಗೆ ಬಂದ ನಮ್ಮ ಹೆಣ್ಣುಮಕ್ಕಳದು ಸಂಸ್ಕೃತಿಯಲ್ಲವೇ? ಬಡವರು ತುಳಿದರೆ ಅದು ಗತಿಯಿಲ್ಲದ್ದು, ಉಳ್ಳವರು ತುಳಿದರೆ ಅದು ಸಂಸ್ಕೃತಿ. ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಈ ಮೌಂಟೇನ್ ಬೈಕಿನ ಹುಟ್ಟನ್ನೇ ನೋಡೋಣ. ಅದೇನೂ ದೊಡ್ಡ ಕಾರ್ಖಾನೆಯ ಹವಾನಿಯಂತ್ರಿತ ಕೋಣೆಯಲ್ಲಿ ಹುಟ್ಟಿದ್ದಲ್ಲ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಎಂಬ ಪ್ರದೇಶದ ಹುಡುಗರು ಗುಜರಿಗೆ ಬಿದ್ದಿದ್ದ ಹಳೆಯ ಸೈಕಲ್‌ಗಳನ್ನು ಹುಡುಕಿ ತಂದರು. ಅವು 1930-40ರ ದಶಕದ, ದಪ್ಪ ಟಯರಿನ, ಕಬ್ಬಿಣದಂಥ ತೂಕದ ಸೈಕಲ್‌ಗಳು. ಅವನ್ನು ತಾವೇ ಬಿಚ್ಚಿ, ಜೋಡಿಸಿ, ಟಮಾಲ್ಪಾಯಸ್ ಎಂಬ ಗುಡ್ಡದ ಮಣ್ಣಿನ ದಾರಿಯಲ್ಲಿ ಇಳಿಸಿದರು. 1976ರಲ್ಲಿ ಅದೇ ಮರಿನ್ ಪ್ರದೇಶದಲ್ಲಿ ಒಂದು ಪಂದ್ಯ ಶುರುವಾಯಿತು. ಅದರ ಹೆಸರು 'ರೀಪ್ಯಾಕ್'. ಆ ಹೆಸರು ಯಾಕೆ ಬಂತೆಂದರೆ, ಇಳಿಜಾರಿನಲ್ಲಿ ಬ್ರೇಕು ಹಿಡಿದು ಹಿಡಿದು ಹಿಂದಿನ ಹಬ್ ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲ ಕೆಳಗೆ ಬಂದ ಮೇಲೆ ಹಬ್ ಬಿಚ್ಚಿ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿತ್ತು. ಮುಂದೆ ಇದೇ ಆಟ 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಹೋಯಿತು. ಅಂದರೆ ಲಕ್ಷ ರೂಪಾಯಿಯ ಈ ಬೈಕಿನ ಮುತ್ತಜ್ಜಿ ಒಂದು ಗುಜರಿ ಸೈಕಲ್ಲು. ಅದನ್ನು ಬದುಕಿಸಿದ್ದು ಗ್ರೀಸು ಮೆತ್ತಿದ ಕೈ. ಆ ಕೈಗಳು ನಮ್ಮೂರಿನಲ್ಲೂ ಇದ್ದವು. ಅವಕ್ಕೆ ನಾವು ಏನು ಮರ್ಯಾದೆ ಕೊಟ್ಟೆವು?

ನಾನು ಹುಡುಗಿಯಾಗಿದ್ದಾಗ ಗಂಗಾವತಿ ರಾಯಚೂರು ಜಿಲ್ಲೆಯಲ್ಲಿತ್ತು. 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಆಗ ಓಣಿಗೊಂದು ಸೈಕಲ್ ಅಂಗಡಿ ಇದ್ದೇ ಇರುತ್ತಿತ್ತು. ಅಂಗಡಿ ಎಂದರೆ ಏನು? ಒಂದು ತಗಡಿನ ಛಪ್ಪರ, ನೀರು ತುಂಬಿದ ಒಂದು ಬುಟ್ಟಿ, ಕಾಲಿನಿಂದ ಒತ್ತಿ ಹಿಡಿದು ಗಾಳಿ ಹೊಡೆಯುವ ಪಂಪು, ಗೋಡೆಗೆ ತೂಗಿದ ಹಳೆ ಟಯರುಗಳು. ಹೊರಗೆ ಸಾಲಾಗಿ ಬಾಡಿಗೆ ಸೈಕಲ್‌ಗಳು, ಒಂದೊಂದರ ಮಡ್‌ಗಾರ್ಡಿನ ಮೇಲೂ ಬಿಳಿ ಬಣ್ಣದಲ್ಲಿ ನಂಬರು. ತಾಸಿಗೆ ಎಂಟಾಣೆ. ಹೆಸರು, ಓಣಿ, ಹೊತ್ತು ಬರೆದುಕೊಳ್ಳಲು ಒಂದು ಚೌಕಟ್ಟಿನ ವಹಿ. ಊರಿನ ಅರ್ಧ ಮಂದಿ ಸೈಕಲ್ ಕಲಿತದ್ದು ಆ ಬಾಡಿಗೆ ಸೈಕಲ್ಲಿನ ಮೇಲೆಯೇ, ಅದೂ ಒಳಪೆಡಲ್ ಹೊಡೆದು.

ಆ ಅಂಗಡಿಗಳನ್ನು ಬಹುಮಟ್ಟಿಗೆ ಮುಸಲ್ಮಾನ ಮನೆತನದವರು ನಡೆಸುತ್ತಿದ್ದರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಚಾಚಾ ಪಂಕ್ಚರ್ ತಿದ್ದುವುದನ್ನು ನೋಡುತ್ತ ನಿಂತರೆ ಶಾಲೆಯಲ್ಲಿ ಕಲಿಯದ ವಿಜ್ಞಾನ ಅಲ್ಲಿ ಕಲಿಯಬಹುದಿತ್ತು. ಟ್ಯೂಬು ಹೊರಗೆಳೆದು ಗಾಳಿ ತುಂಬಿ ನೀರಿನ ಬುಟ್ಟಿಯಲ್ಲಿ ಮುಳುಗಿಸುವುದು, ಗುಳ್ಳೆ ಎದ್ದ ಕಡೆ ಗುರುತು ಮಾಡುವುದು, ಒರೆಸಿ ಒಣಗಿಸಿ ಕಾನಸಿನಿಂದ ತಿಕ್ಕುವುದು, ಸಲ್ಯೂಷನ್ ಹಚ್ಚಿ ಅದು ಒಣಗುವ ತನಕ ಕಾಯುವುದು. ಈ ಕಾಯುವುದೇ ಮುಖ್ಯ. ಅವಸರ ಮಾಡಿದರೆ ಪ್ಯಾಚು ನಿಲ್ಲುವುದಿಲ್ಲ. ಕೊನೆಗೆ ಟಯರಿನ ಒಳಗೆ ಬೆರಳಾಡಿಸಿ ಚುಚ್ಚಿದ ಮುಳ್ಳು ಇನ್ನೂ ಅಲ್ಲೇ ಇದೆಯೋ ಎಂದು ನೋಡುವುದು. ಮುಳ್ಳು ತೆಗೆಯದೆ ಪ್ಯಾಚು ಹಚ್ಚುವವನು ಮೋಸಗಾರ ಎನ್ನುತ್ತಿದ್ದರು. ಈ ಮಾತು ಸೈಕಲ್ಲಿಗೆ ಮಾತ್ರ ಅನ್ವಯಿಸುವುದಲ್ಲ ಎಂದು ಈಗ ನನಗೆ ಅನ್ನಿಸುತ್ತದೆ. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವ ಮುಂಚೆ ಸೈಕಲ್ ಪೂರಾ ಬಿಚ್ಚಿ, ಗುಂಡುಗಳನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು, ಗ್ರೀಸು ತುಂಬಿ, ಕಡ್ಡಿಗಳನ್ನು ಬಿಗಿದು ರಿಮ್ಮಿನ ಔಟು ತೆಗೆಸುವುದು ಪ್ರತಿ ಮನೆಯ ರೂಢಿಯಾಗಿತ್ತು.

ಈಗ ಆ ಅಂಗಡಿಗಳು ಎಲ್ಲಿವೆ? ಕೆಲವು ಮುಚ್ಚಿವೆ. ಕೆಲವು ಮೋಟರ್ ಸೈಕಲ್ ಪಂಕ್ಚರಿಗೆ ತಿರುಗಿವೆ. ಚಾಚಾಗಳ ಮಕ್ಕಳು ಬೇರೆ ಕಸುಬು ಹಿಡಿದಿದ್ದಾರೆ, ಹಿಡಿಯಬಾರದೆಂದು ಯಾರು ಹೇಳಿಯಾರು? ಕಾಲವನ್ನು ತಡೆಯಲಾಗುವುದಿಲ್ಲ ಎನ್ನುತ್ತಾರೆ. ಕಾಲವೊಂದೇ ಕಾರಣವಲ್ಲ. ದೇಶದ ಅತಿ ದೊಡ್ಡ ಸೈಕಲ್ ಕಂಪನಿಗಳಲ್ಲಿ ಒಂದಾಗಿದ್ದ ಅಟ್ಲಾಸ್ 2020ರ ಜೂನ್ 3ರಂದು ಸಾಹಿಬಾಬಾದಿನ ತನ್ನ ಕಾರ್ಖಾನೆಗೆ ಬೀಗ ಹಾಕಿತು. ಅಂದು ವಿಶ್ವ ಸೈಕಲ್ ದಿನ. ವಿಶ್ವಸಂಸ್ಥೆ 2018ರಲ್ಲಿ ಗೊತ್ತುಮಾಡಿದ ದಿನ. ದಿನಾಚರಣೆಗಳಿಂದ ಯಾವ ವಸ್ತುವೂ ಉಳಿಯುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನಾವು ಆ ದಿನ ಜಾಥಾ ತೆಗೆಯುತ್ತೇವೆ, ಫೋಟೋ ಹೊಡೆಸಿಕೊಳ್ಳುತ್ತೇವೆ. ಆದರೆ ರಸ್ತೆ ಅಗಲ ಮಾಡುವಾಗ ಮೊದಲು ಎಬ್ಬಿಸುವುದು ಮರದ ಕೆಳಗಿನ ಪಂಕ್ಚರ್ ಅಂಗಡಿಯನ್ನೇ. ದಪ್ಪ ಟಯರಿನ ಸೈಕಲ್ ಕೆಟ್ಟರೆ ಅದರ ಮಾಲೀಕ ಅದನ್ನು ಕಾರಿನ ಹಿಂದೆ ಕಟ್ಟಿಕೊಂಡು ಹುಬ್ಬಳ್ಳಿಗೋ ಬೆಂಗಳೂರಿಗೋ ಒಯ್ದಾನು. ಎಂಟನೇ ಕ್ಲಾಸಿನ ಹುಡುಗಿಯ ಚೈನು ಹರಿದರೆ ಅವಳು ಎಲ್ಲಿಗೆ ಹೋಗಬೇಕು?

ಈ ಹುಡುಗಿಯೇ ನನ್ನ ಮುಖ್ಯ ವಿಷಯ. ಸೈಕಲ್ ಮತ್ತು ಹೆಣ್ಣಿನ ಸಂಬಂಧ ಸಣ್ಣದಲ್ಲ. 1991ರ ನಂತರದ ಒಂದೆರಡು ವರ್ಷಗಳಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸಿದರು. ಆಗ ಅಲ್ಲಿ ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಒಂದು ಲಕ್ಷಕ್ಕೂ ಹೆಚ್ಚು ಹಳ್ಳಿಯ ಹೆಣ್ಣುಮಕ್ಕಳು ಸೈಕಲ್ ಕಲಿತರೆಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಕೂಲಿ ಹೆಂಗಸರು, ಕಲ್ಲುಗಣಿಯವರು, ಅಂಗನವಾಡಿಯವರು, ಮಾಸ್ತರಿಣಿಯರು ಎಲ್ಲರೂ ಇದ್ದರು. ಅವರಲ್ಲಿ ಬಹಳ ಮಂದಿ ಗಂಡಸರ ಸೈಕಲ್ಲನ್ನೇ ಇಷ್ಟಪಟ್ಟರಂತೆ, ಏಕೆಂದರೆ ಅದರ ನಡುವಿನ ಅಡ್ಡ ಕಂಬಿಯ ಮೇಲೆ ಮಗುವನ್ನು ಕೂಡಿಸಿಕೊಳ್ಳಬಹುದು. ಲೇಡೀಸ್ ಸೈಕಲ್ ಮಾಡಿಕೊಟ್ಟ ಜಾಣರಿಗೆ ಈ ವಿಷಯ ಹೊಳೆದಿರಲಿಲ್ಲ.

ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಸರಕಾರ ಹಣ ಕೊಡತೊಡಗಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ನೆರೆಯ ಜಾರ್ಖಂಡಿನ ಜೊತೆ ಹೋಲಿಸಿ ಲೆಕ್ಕ ಹಾಕಿದರು. ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಹೆಚ್ಚಿತು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ತಗ್ಗಿತು. ಹೈಸ್ಕೂಲು 3 ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲೇ ಈ ಲಾಭ ಹೆಚ್ಚು. ಹುಡುಗಿಯನ್ನು ಶಾಲೆ ಬಿಡಿಸುವುದು ಬರೇ ಬಡತನ, ಬರೇ ಸಂಪ್ರದಾಯ ಎಂದುಕೊಂಡಿದ್ದೆವಲ್ಲ, ದೂರವೂ ಬಿಡಿಸುತ್ತದೆ.

ನಮ್ಮ ಕರ್ನಾಟಕದಲ್ಲಿಯೂ 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಬಂತು. ಆ ವರ್ಷಗಳನ್ನು ನೋಡಿದ ಯಾವ ಶಿಕ್ಷಕಿಯೂ ಮರೆಯಲಾರಳು. ಸಂಜೆ ಶಾಲೆ ಬಿಟ್ಟ ಮೇಲೆ ಕಾಲುವೆಯ ದಾರಿಯಲ್ಲಿ ಹುಡುಗಿಯರ ಸಾಲು ಸಾಲು. ಸೈಕಲ್‌ಗಳಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಪೆಡಲ್ ಕಳಚುವುದು, ಕಡ್ಡಿ ಮುರಿಯುವುದು, ಬೆಲ್ಲೇ ಇಲ್ಲದೆ ಬರುವುದು, ಎಲ್ಲ ಇತ್ತು. ಆದರೂ ಅದು ಹುಡುಗಿಯ ಸ್ವಂತದ್ದಾಗಿತ್ತು. ಮನೆಯಲ್ಲಿ ಅವಳ ಹೆಸರಿನ ಒಂದೇ ಒಂದು ವಸ್ತು. 2020ರ ಕೊರೊನಾ ವರ್ಷದಲ್ಲಿ ಈ ಯೋಜನೆ ನಿಂತುಹೋಯಿತು. ಶಾಲೆ ತೆರೆಯಿತು, ಪರೀಕ್ಷೆ ನಡೆಯಿತು, ಸಮವಸ್ತ್ರ ಬಂತು, ಮೊಟ್ಟೆ ಬಂತು. ಸೈಕಲ್ ಮಾತ್ರ ಮುಂದಿನ ವರ್ಷ, ಮುಂದಿನ ವರ್ಷ ಎಂದು ಮುಂದೆ ಹೋಯಿತು.

ಇದಕ್ಕೆ ಸಿದ್ಧ ಉತ್ತರಗಳಿವೆ. ಒಂದನೆಯದು: 'ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ ಐತೆಲ್ಲರೀ ಅಕ್ಕೋರ, ಸೈಕಲ್ ಯಾಕ?' 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದದ್ದು ನಿಜ, ಅದರಿಂದ ನಮ್ಮ ಹೆಂಗಸರಿಗೆ ಆದ ಉಪಕಾರ ದೊಡ್ಡದು. ಆದರೆ ಬಸ್ಸು ಅದರ ಹೊತ್ತಿಗೆ ಬರುತ್ತದೆ, ನಮ್ಮ ಹೊತ್ತಿಗಲ್ಲ. ಅದು ಡಾಂಬರು ರಸ್ತೆಗೆ ಬರುತ್ತದೆ, ಕ್ಯಾಂಪಿನ ಒಳಗೆ, ಗದ್ದೆಯ ನಡುವಿನ ಮನೆಗೆ ಬರುವುದಿಲ್ಲ. ಸ್ಪೆಷಲ್ ಕ್ಲಾಸ್ ಮುಗಿದ ಹುಡುಗಿಯನ್ನು ಕಾಯುತ್ತ ನಿಲ್ಲುವುದಿಲ್ಲ. ಬಸ್ಸೂ ಬೇಕು, ಬಸ್ ನಿಲ್ದಾಣದಿಂದ ಮನೆಗೆ ಸೈಕಲ್ಲೂ ಬೇಕು. ಎರಡನೆಯ ಉತ್ತರ: ಸೈಕಲ್ ಈಗ ಅಗ್ಗವಾಗಿದೆ. 2025ರ ಸೆಪ್ಟೆಂಬರಿನಲ್ಲಿ ಅದರ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದದ್ದೂ ನಿಜ. ಲಕ್ಷದ ಬೈಕು ಕೊಳ್ಳುವವನಿಗೆ ಅದರಿಂದ ಸಾವಿರಗಟ್ಟಲೆ ಉಳಿದೀತು. ಕೊಳ್ಳಲಿಕ್ಕೇ ಆಗದ ಮನೆಗೆ ಏನು ಉಳಿದೀತು? ಮೂರನೆಯ ಉತ್ತರ: ಎಲ್ಲರ ಮನೆಯಲ್ಲೂ ಸ್ಕೂಟಿ, ಬೈಕು ಬಂದಿವೆ. ಬಂದಿವೆ, ಅದರ ಕೀಲಿ ಯಾರ ಕಿಸೆಯಲ್ಲಿದೆ ಎಂದು ಮನೆಮನೆಗೆ ಹೋಗಿ ಕೇಳಿ ನೋಡಿ.

ಇನ್ನು ದಾರಿಯ ವಿಷಯ. ಗುಡ್ಡದ ಸವಾರರು 'ಟ್ರೇಲ್' ಎಂದು ಕರೆಯುವುದನ್ನು ನಾವು ಕಾಲುದಾರಿ, ಬಂಡಿ ಜಾಡು, ಕಾಲುವೆ ದಂಡೆ ಎನ್ನುತ್ತೇವೆ. 'ಈ ಟ್ರೇಲ್ ನಾವ ಹುಡುಕಿದ್ದು ಅಕ್ಕೋರ' ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಮ್ಮೆಯಿಂದ ಹೇಳಿದ. ಅವನು ಹುಡುಕಿದ ದಾರಿಯಲ್ಲಿ ಅವನ ಅಜ್ಜಿ ಕಟ್ಟಿಗೆ ಹೊತ್ತಿದ್ದಳು. ದಾರಿಯನ್ನು ಯಾರೂ ಒಬ್ಬರೇ ಹುಡುಕುವುದಿಲ್ಲ. ಕುರಿ ಮೇಯಿಸುವವರು, ಕಟ್ಟಿಗೆಗೆ ಹೋಗುವವರು, ನಾಟಿ ಹಚ್ಚಲು, ಕಳೆ ತೆಗೆಯಲು ಹೋಗುವ ಹೆಂಗಸರು ದಿನದಿನವೂ ತುಳಿದು ತುಳಿದು ಅದನ್ನು ಉಳಿಸುತ್ತಾರೆ. ತುಳಿಯುವುದು ನಿಂತರೆ ಎರಡು ಮಳೆಗಾಲದಲ್ಲಿ ಬಳ್ಳಾರಿ ಜಾಲಿ ಅದನ್ನು ನುಂಗಿಬಿಡುತ್ತದೆ. ಅದರ ಮುಳ್ಳಿಗೆ ಮೌಂಟೇನ್ ಬೈಕಿನ ಟಯರೂ ತಡೆಯುವುದಿಲ್ಲ, ಹವಾಯಿ ಚಪ್ಪಲಿಯೂ ತಡೆಯುವುದಿಲ್ಲ.

ದಾರಿ ನೋಡಿಕೊಳ್ಳುವುದು ದೊಡ್ಡ ಇಂಜಿನಿಯರಿಂಗೇನಲ್ಲ. ದಾರಿಗೆ ಶತ್ರು ಗಾಲಿಯಲ್ಲ, ನೀರು. ನೀರು ದಾರಿಯುದ್ದಕ್ಕೂ ಹರಿದರೆ ಕೊರಕಲಾಗುತ್ತದೆ. ಅದನ್ನು ಅಡ್ಡಕ್ಕೆ ಹರಿಸಿ ಹೊರಗೆ ಬಿಟ್ಟರೆ ದಾರಿ ಉಳಿಯುತ್ತದೆ. ಇಳಿಜಾರಿನಲ್ಲಿ ಅಲ್ಲಲ್ಲಿ ಓರೆಯಾಗಿ ಕಲ್ಲು ಹೂಳುವುದು, ತಗ್ಗಿಗೆ ಗರಸು ಹಾಕಿ ದಮ್ಮಸು ಮಾಡುವುದು, ಮಳೆಗಾಲಕ್ಕೆ ಮುಂಚೆ ಮತ್ತು ನಂತರ ಜಾಲಿ ಸವರುವುದು, ಕೆಸರಿದ್ದಾಗ ಗಾಲಿ ಇಳಿಸದಿರುವುದು, ಇಷ್ಟೇ. ಹೊಲದ ಒಡ್ಡು ಹಾಕಬಲ್ಲ ಯಾವ ರೈತ ಹೆಂಗಸಿಗೂ ಇದು ಗೊತ್ತು. ವಿಜಯನಗರದ ಕಾಲದ ಕಾಲುವೆಗಳು ಆನೆಗೊಂದಿ ಭಾಗದಲ್ಲಿ ಇವತ್ತಿಗೂ ನೀರು ಹರಿಸುತ್ತಿರುವುದು ಯಾರೋ ಒಬ್ಬ ರಾಜ ಕಟ್ಟಿಸಿದ ಎಂಬ ಕಾರಣಕ್ಕಷ್ಟೇ ಅಲ್ಲ, ವರ್ಷ ವರ್ಷ ಹೂಳು ತೆಗೆದವರು ಇದ್ದರು ಎಂಬ ಕಾರಣಕ್ಕೆ. ಕಟ್ಟಿಸಿದವರ ಹೆಸರು ಶಾಸನದಲ್ಲಿರುತ್ತದೆ, ಹೂಳು ತೆಗೆದವರ ಹೆಸರು ಎಲ್ಲಿಯೂ ಇರುವುದಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರು. ಅದಕ್ಕೆ ಕೂಡುವ ಉಪಕಾಲುವೆಗಳ ದಂಡೆಯ ದಾರಿಗಳನ್ನು ಸೇರಿಸಿದರೆ ಈ ಸೀಮೆಗೆ ಅದಕ್ಕಿಂತ ದೊಡ್ಡ ಸೈಕಲ್ ದಾರಿ ಬೇರೆ ಬೇಕಿಲ್ಲ. ಸಮತಟ್ಟು, ಪಕ್ಕದಲ್ಲಿ ಗದ್ದೆ, ಹಳ್ಳಿಯಿಂದ ಹಳ್ಳಿಗೆ ಸಂಪರ್ಕ. ಆದರೆ ಹಲವು ಕಡೆ ಜಾಲಿ, ಪ್ಲಾಸ್ಟಿಕ್ಕು, ಒಡೆದ ಬಾಟಲಿಗಳೇ ತುಂಬಿವೆ. ತಿರುವುಗಳಲ್ಲಿ ತಡೆಗೋಡೆಯಿಲ್ಲ, ದೀಪವಿಲ್ಲ.

ಹಾಗೆಂದು ಎಲ್ಲ ದಾರಿಗೂ ಗಾಲಿ ಇಳಿಯಬೇಕೆಂದು ನನ್ನ ವಾದವಲ್ಲ. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯದಾದ ಸುಮಾರು 400 ಶಿಲಾಸಮಾಧಿಗಳಿವೆ. ಮೋರ್ಯರ ಮನೆಗಳೆಂದು ಜನ ಕರೆಯುತ್ತಾರೆ. 2021ರಲ್ಲಿ ಅದು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿತು. ಚಪ್ಪಡಿಯ ಮೇಲೆ ಚಪ್ಪಡಿ ಇಟ್ಟು ನಿಲ್ಲಿಸಿದ ಮನೆಗಳವು, ಕೆಲವು ಆಗಲೇ ಕುಸಿದಿವೆ. ಅಲ್ಲಿಗೆ ನಡೆದೇ ಹೋಗಬೇಕು. ಸಾಹಸಕ್ಕೆ ಗಂಗಾವತಿಯಲ್ಲಿ ಬೇರೆ ಗುಡ್ಡಗಳ ಬರಗಾಲವಿಲ್ಲ. ಯಾವ ದಾರಿ ಗಾಲಿಗೆ, ಯಾವ ದಾರಿ ಕಾಲಿಗೆ ಮಾತ್ರ ಎಂದು ಗೊತ್ತುಮಾಡಿ ಬೋರ್ಡು ಹಾಕುವುದೂ ದಾರಿಯ ಪಾಲನೆಯೇ.

ಕೊನೆಯದಾಗಿ, ಎಲ್ಲರೂ ಪಿಸುಮಾತಿನಲ್ಲಿ ಆಡುವ ವಿಷಯವನ್ನು ನಾನು ಬಾಯಿಬಿಟ್ಟು ಹೇಳುತ್ತೇನೆ. 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಬಳಿ ಇದೇ ಕಾಲುವೆಯ ದಂಡೆಯಲ್ಲಿ ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಒಬ್ಬಾಕೆ ವಿದೇಶದಿಂದ ಬಂದವಳು, ಇನ್ನೊಬ್ಬಾಕೆ ಅತಿಥಿಗಳಿಗೆ ಊರು ತೋರಿಸಲು ಜೊತೆಗೆ ಹೋದವಳು. ಜೊತೆಗಿದ್ದ ಗಂಡಸರನ್ನು ಕಾಲುವೆಗೆ ತಳ್ಳಿದರು, ಅವರಲ್ಲಿ ಒಬ್ಬ ಸತ್ತ. ನಾವು ತಲೆ ತಗ್ಗಿಸುವಂಥದ್ದು ನಡೆದುಹೋಯಿತು. ಆ ಮೇಲೆ ನನ್ನ ಕಿವಿಗೆ ಹೆಚ್ಚು ಬಿದ್ದ ಮಾತು ಯಾವುದು ಗೊತ್ತೇ? 'ರಾತ್ರಿ ಹೊತ್ತಿನ್ಯಾಗ ಅಲ್ಲಿಗೆ ಯಾಕ ಹೋಗಬೇಕಿತ್ತು?' ಈ ಮಾತನ್ನು ಆಡಿದವರಲ್ಲಿ ಹೆಂಗಸರೇ ಹೆಚ್ಚು. ಮರುವಾರವೇ ಎಷ್ಟೋ ಮನೆಗಳಲ್ಲಿ ಹುಡುಗಿಯರ ಸೈಕಲ್ಲಿಗೆ ಬೀಗ ಬಿತ್ತು. ಹಗಲು ಹೊತ್ತಿನ ಶಾಲೆಯ ಸೈಕಲ್ಲಿಗೂ!

ಅಪರಾಧ ಮಾಡಿದವರು ಯಾರೋ, ಶಿಕ್ಷೆ ಮಾತ್ರ ಎಂಟನೇ ಕ್ಲಾಸಿನ ಹುಡುಗಿಗೆ. ಅಕ್ಕಂದಿರೇ, ಇದು ಯಾವ ನ್ಯಾಯ? ಜನ ಓಡಾಡದ ದಾರಿ ಕೆಟ್ಟವರ ಸ್ವತ್ತಾಗುತ್ತದೆ. ಹುಡುಗಿಯರನ್ನು ದಾರಿಯಿಂದ ತೆಗೆದಷ್ಟೂ ದಾರಿ ಇನ್ನಷ್ಟು ಬಿಕೋ ಎನ್ನುತ್ತದೆ, ಬಿಕೋ ಎಂದಷ್ಟೂ ಭಯ ಹೆಚ್ಚುತ್ತದೆ. ಇದಕ್ಕೆ ಮದ್ದು ಬೀಗವಲ್ಲ. ಹತ್ತು ಹುಡುಗಿಯರ ಬದಲು ನೂರು ಹುಡುಗಿಯರು ಹೋಗುವಂತೆ ಮಾಡುವುದು, ದೀಪ ಹಾಕಿಸುವುದು, ಜಾಲಿ ಕಡಿಸುವುದು, ಪೊಲೀಸರು ಗಸ್ತು ತಿರುಗುವಂತೆ ಒತ್ತಾಯಿಸುವುದು.

ಆದ್ದರಿಂದ ನನ್ನ ಬೇಡಿಕೆಗಳು ಇಷ್ಟು. ಸರಕಾರ ಎಂಟನೇ ತರಗತಿಯ ಸೈಕಲ್ಲನ್ನು ಮತ್ತೆ ಕೊಡಲಿ, ಜೊತೆಗೆ ರಿಪೇರಿಗೆಂದು ಶಾಲೆಗೆ ಒಂದಿಷ್ಟು ಹಣವನ್ನೂ ಕೊಡಲಿ, ಆ ಹಣ ಊರಿನ ಸೈಕಲ್ ಅಂಗಡಿಗೇ ಹೋಗಲಿ. ನಗರಸಭೆ ಸಂತೆಗೆ, ವಾಹನ ನಿಲುಗಡೆಗೆ ಜಾಗ ಗೊತ್ತುಮಾಡುವಂತೆ ಪಂಕ್ಚರ್ ಅಂಗಡಿಗೂ ಜಾಗ ಗೊತ್ತುಮಾಡಲಿ. ಕಾಲುವೆ ದಂಡೆಯ ದಾರಿಯನ್ನು ವರ್ಷಕ್ಕೆ ಎರಡು ಸಲ ಪಂಚಾಯಿತಿಗಳು ಕೂಲಿ ಕೊಟ್ಟು ಹಸನು ಮಾಡಿಸಲಿ, ಆ ಕೂಲಿ ಅದೇ ದಾರಿಯಲ್ಲಿ ನಡೆಯುವ ಹೆಂಗಸರಿಗೆ ಸಿಗಲಿ. ಇನ್ನು ದಪ್ಪ ಟಯರಿನ ನಮ್ಮ ಹುಡುಗರಿಗೆ ಒಂದು ಮಾತು. ನೀವು ಬಲವಂತರು, ಓದಿದವರು, ಅಧಿಕಾರಿಗಳ ಬಾಗಿಲು ನಿಮಗೆ ಬೇಗ ತೆರೆಯುತ್ತದೆ. ತಿಂಗಳಿಗೆ ಒಂದು ರವಿವಾರ ಗುಡ್ಡ ಬಿಟ್ಟು, ಕೈಯಲ್ಲಿ ಕುಡುಗೋಲು, ಗುದ್ದಲಿ ಹಿಡಿದು ಶಾಲೆಯ ದಾರಿಗೆ ಬನ್ನಿ. ಸರಕಾರಿ ಶಾಲೆಯ ಹುಡುಗಿಯರಿಗೆ ಪಂಕ್ಚರ್ ಹಚ್ಚುವುದನ್ನು, ಚೈನು ಕೂಡಿಸುವುದನ್ನು ಕಲಿಸಿ. ಕಲಿಸಲು ನಿಮಗೆ ಬರದಿದ್ದರೆ ಉಳಿದಿರುವ ಚಾಚಾಗಳಲ್ಲಿ ಒಬ್ಬರನ್ನು ಕರೆತನ್ನಿ, ಅವರಿಗೆ ದಿನದ ಕೂಲಿ ಕೊಟ್ಟು ಕರೆತನ್ನಿ. ಹುಡುಗಿಯರು ತಮ್ಮ ಸೈಕಲ್ ತಾವೇ ತಿದ್ದಿಕೊಂಡು, ಹೊತ್ತು ಮುಳುಗಿದ ಮೇಲೂ ಅಂಜದೆ ಮನೆ ಮುಟ್ಟುವ ದಿನ ಬಂದರೆ, ಆಗ ಗಂಗಾವತಿಯಲ್ಲಿ ಸೈಕಲ್ ಸಂಸ್ಕೃತಿ ಬೆಳೆಯಿತು ಎನ್ನೋಣ. ಅಲ್ಲಿಯ ತನಕ ಈ ಮಾತನ್ನು ನನ್ನೆದುರು ಯಾರೂ ಆಡಬೇಡಿ.